ಲಿವರ್ ಹೆಸರಿನ ಸೀಸೆ

ಸೀಸೆಯ ಮೇಲಿನ ಚೀಟಿ ಅರ್ಧ ಹರಿದಿದ್ದರೆ ನೀರು ತಾಗಿ ಹರಿದದ್ದು. ಚೀಟಿಯೇ ಇಲ್ಲದೆ, ಗಾಜಿನ ಮೇಲೆ ಉಗುರಿನ ಗೀರು ಬಿದ್ದು, ಅಂಟಿನ ಜಾಗದಲ್ಲಿ ಬೂದಿ ಹಾಕಿ ಉಜ್ಜಿದ ಗುರುತಿದ್ದರೆ ಬೇಕೆಂದೇ ಕಿತ್ತದ್ದು. ಇದನ್ನು ನನಗೆ ಯಾವ ಮೇಷ್ಟರೂ ಹೇಳಿಕೊಡಲಿಲ್ಲ. ಜಯನಗರದ ಹಿತ್ತಿಲುಗಳು ಹೇಳಿಕೊಟ್ಟವು.

ನಮ್ಮದು ಸುದ್ದಗುಂಟೆಪಾಳ್ಯ. ರಾಗಿ ಬೆಳೆಯುತ್ತಿದ್ದ ಹೊಲ ಬಡಾವಣೆಗೆ ಹೋಯಿತು. ಪರಿಹಾರ ಬಂದ ಮೇಲೆ ನಮ್ಮ ಬೀದಿಯ ಗಂಡಸರು ಅರಳೀಕಟ್ಟೆಯ ಮೇಲೆ ಇಸ್ಪೀಟು ಹಾಕಿಕೊಂಡು ಕೂತರು. ನಾನು ಆಗಷ್ಟೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದೆ. ಅಳುತ್ತ ಕೂತರೆ ಯಾರೂ ಅನ್ನ ಹಾಕುವುದಿಲ್ಲ ಎಂದು ಬುಟ್ಟಿ ಎತ್ತಿಕೊಂಡು, ನಮ್ಮದೇ ಹೊಲದ ಮೇಲೆ ಎದ್ದ ಮನೆಗಳ ಹಿಂಬಾಗಿಲಿಗೆ ಹೋಗಿ ಖಾಲಿ ಸೀಸೆ ಕೇಳಿದೆ. ಕೊಂಡ ಸೀಸೆಗಳನ್ನು ಸೀಗೇಕಾಯಿ ಪುಡಿಯಲ್ಲಿ ತೊಳೆದು ಬಿಸಿಲಿಗಿಟ್ಟು ಡಿಸ್ಪೆನ್ಸರಿಗಳಿಗೆ ಮಾರುತ್ತಿದ್ದೆ. ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ಔಷಧಕ್ಕೆ ಹೋಗುವವರು ಸೀಸೆಯನ್ನೂ ಕೈಯಲ್ಲಿ ಹಿಡಿದುಕೊಂಡೇ ಹೋಗಬೇಕಿತ್ತು, ಮರೆತು ಬಂದವರಿಗೆ ಡಿಸ್ಪೆನ್ಸರಿಯವರು ನನ್ನ ಸೀಸೆ ಮಾರುತ್ತಿದ್ದರು. ಹೊಸದಾಗಿ ವ್ಯಾಪಾರ ಮಾಡಬೇಕೆಂದಿರುವ ಹೆಣ್ಣುಮಕ್ಕಳಿಗೆ ಒಂದು ಮಾತು ಹೇಳುತ್ತೇನೆ: ಬೇರೆಯವರು ಕಸ ಎಂದು ಕೊಡುವುದನ್ನು ಕೊಳ್ಳಿ, ಆದರೆ ಕೊಳ್ಳುವಾಗ ಒಮ್ಮೆ ಮೂಸಿ ನೋಡಿ. ಮನೆಯ ಜನ ಹೇಳದ್ದನ್ನು ಸೀಸೆ ಹೇಳುತ್ತದೆ.

ಚೀಟಿ ಕಿತ್ತ ಸೀಸೆಗಳು ಬರುತ್ತಿದ್ದ ಮನೆಗಳು ನನಗೆ ಬಾಯಿಪಾಠವಾದವು. ಕೆಮ್ಮಿನ ಔಷಧದ ಚೀಟಿಯನ್ನಾಗಲಿ, ಭೇದಿ ಮದ್ದಿನ ಚೀಟಿಯನ್ನಾಗಲಿ ಯಾರೂ ಕೀಳುವುದಿಲ್ಲ. ಭೇದಿಯ ವಿಷಯವನ್ನಂತೂ ಕಾಂಪೌಂಡಿನ ಆಚೆ ನಿಂತವರಿಗೂ ಕೂಗಿ ಹೇಳುತ್ತಾರೆ. ಕೀಳುತ್ತಿದ್ದದ್ದು ತಲೆಗೆ ಸಂಬಂಧಪಟ್ಟದ್ದನ್ನು ಮಾತ್ರ. ನಿದ್ದೆಯ ಮಾತ್ರೆ, ನರದ ಮಾತ್ರೆ, ‘ಆ ಕಡೆಯ’ ಆಸ್ಪತ್ರೆಯ ಮಾತ್ರೆ. ಆ ಆಸ್ಪತ್ರೆಗೆ ಹೆಸರಿರಲಿಲ್ಲವೆಂದಲ್ಲ, ಅದನ್ನು ಹೇಳುವ ನಾಲಿಗೆ ನಮ್ಮ ಕಡೆ ಯಾರಿಗೂ ಇರಲಿಲ್ಲ.

ಒಂದು ದಿನ ದೊಡ್ಡ ಬಂಗಲೆಯ ಯಜಮಾನಿಯೊಬ್ಬರು ನನ್ನನ್ನು ಅಡುಗೆಮನೆಯ ಒಳಗೇ ಕರೆದರು. ಹೊಸಿಲು ದಾಟಿಸಿಕೊಂಡದ್ದು ಅದೇ ಮೊದಲು. ಚೀಟಿ ಹರಿಯದೆ ಇರುವ ಖಾಲಿ ಸೀಸೆ ಸಿಗುತ್ತದಾ, ಅಜೀರ್ಣದ್ದೋ ಟಾನಿಕ್‌ದೋ ಆದರೂ ಪರವಾಗಿಲ್ಲ ಎಂದು ಪಿಸುಗುಟ್ಟಿದರು. ಮಾತ್ರೆಯನ್ನು ಕಾಗದದ ಪೊಟ್ಟಣದಲ್ಲಿಟ್ಟರೆ ಇರುವೆ ಹತ್ತುತ್ತದಂತೆ. ಬೋಳು ಸೀಸೆಯಲ್ಲಿಟ್ಟರೆ ಬಂದವರು ಏನದು ಎಂದು ಕೇಳುತ್ತಾರಂತೆ. ನನಗೆ ಆ ಕ್ಷಣವೇ ಹೊಸ ಅಂಗಡಿ ಕಂಡಿತು. ಅಂದಿನಿಂದ ಒಳ್ಳೆಯ ಚೀಟಿಯ ಸೀಸೆಗಳನ್ನು ನೀರಿಗೆ ಹಾಕದೆ ಒಣಬಟ್ಟೆಯಲ್ಲಿ ಒರೆಸಿ ಬೇರೆ ತೆಗೆದಿಡತೊಡಗಿದೆ. ಎಲ್ಲಕ್ಕಿಂತ ಬೇಡಿಕೆ ಇದ್ದದ್ದು ಲಿವರ್ ಮಾತ್ರೆಯ ಸೀಸೆಗೆ. ಕಂದು ಗಾಜು, ಅಗಲ ಬಾಯಿ, ಚೀಟಿಯ ಮೇಲೆ ಕೆಂಪು ಬಣ್ಣದ ಲಿವರ್ ಚಿತ್ರ. ಲಿವರ್ ಎಂದರೆ ಗೌರವಸ್ಥರ ಕಾಯಿಲೆ. ಆಫೀಸಿನಲ್ಲಿ ರಜೆ ಸಿಗುತ್ತದೆ, ಮದುವೆಮನೆಯಲ್ಲಿ ಪ್ರತ್ಯೇಕ ಸಾರು ಸಿಗುತ್ತದೆ, ಮಗಳಿಗೆ ಗಂಡೂ ತಪ್ಪುವುದಿಲ್ಲ. ಎರಡು ವರ್ಷದಲ್ಲಿ ನಾನು ತಿರುಗುತ್ತಿದ್ದ ಬೀದಿಗಳಲ್ಲೆಲ್ಲ ಲಿವರ್ ಕೆಟ್ಟವರು ಎಷ್ಟು ಮಂದಿಯಾದರೆಂದರೆ, ಬೇರೆ ಊರಿನ ಡಾಕ್ಟರು ಯಾರಾದರೂ ನೋಡಿದ್ದರೆ ನಮ್ಮ ಬಾವಿಗಳ ನೀರನ್ನು ಪರೀಕ್ಷೆಗೆ ಕಳಿಸುತ್ತಿದ್ದರು. ಜವಳಿ ವ್ಯಾಪಾರದ ಶೈವರ ಮನೆಯೊಂದರಲ್ಲಿ ಆ ಸೀಸೆ ವಿಭೂತಿ ಗಟ್ಟಿಯ ಪಕ್ಕದಲ್ಲೇ ಕೂತು ದಿನಾ ಪೂಜೆ ಮಾಡಿಸಿಕೊಳ್ಳುತ್ತಿತ್ತು.

ನಗುವುದಾದರೆ ನನ್ನನ್ನೂ ಸೇರಿಸಿಕೊಂಡು ನಗಿ. ಅಂಥದೇ ಒಂದು ಸೀಸೆ ನಮ್ಮ ಮನೆಯ ಗೂಡಿನಲ್ಲೂ ಇತ್ತು.

ನನ್ನ ತಮ್ಮ ಬಡಗಿ. ಹೊಸ ಮನೆಗಳಿಗೆ ಬಾಗಿಲು, ಚೌಕಟ್ಟು ಮಾಡುವುದರಲ್ಲಿ ಕೈ ಪಳಗಿತ್ತು. ಇಪ್ಪತ್ತೆರಡು ದಾಟುವ ಹೊತ್ತಿಗೆ ತಾನು ಮಾಡಿದ ಬಾಗಿಲನ್ನು ತಾನೇ ದಾಟುವುದನ್ನು ಬಿಟ್ಟ. ಮರದೊಳಗೆ ಜನ ಕೂತು ತನ್ನ ವಿಷಯವನ್ನೇ ಮಾತಾಡುತ್ತಾರೆ ಎಂದ. ಊಟವನ್ನೂ ಅಂಗಳಕ್ಕೇ ತರಿಸಿಕೊಂಡ. ಅಮ್ಮ ಅಂತ್ರ ಕಟ್ಟಿಸಿದಳು, ಹರಕೆ ಹೊತ್ತಳು. ಕೊನೆಗೆ ನಾನೇ ಅವನನ್ನು ಆ ಕಡೆಗೆ ಕರೆದುಕೊಂಡು ಹೋದೆ. ಅಲ್ಲಿ ಅವನಿಗೆ ಒಗ್ಗುವ ಮಾತ್ರೆ ಒಂದೇ ಸಲಕ್ಕೆ ಸಿಗಲಿಲ್ಲ. ಮೊದಲನೆಯದು ಅವನನ್ನು ಮಂಕಾಗಿಸಿ ಮೂಲೆಗೆ ಕೂರಿಸಿತು. ಎರಡನೆಯದಕ್ಕೆ ದವಡೆ ಬಿಗಿದುಕೊಂಡು ಕತ್ತು ಸೊಟ್ಟಗಾಯಿತು. ಮೂರನೆಯದು ಒಗ್ಗಿತು. ನಾಲ್ಕು ತಿಂಗಳಲ್ಲಿ ಉಳಿ ಹಿಡಿದ. ನಡಿಗೆ ಸ್ವಲ್ಪ ನಿಧಾನವಾಯಿತು, ಬಿಸಿಲಿಗೆ ಮುಖ ಬೇಗ ಕಪ್ಪಾಗುತ್ತಿತ್ತು, ಅಷ್ಟೇ. ಮರ ಬರೀ ಮರವಾಯಿತು.

ಈಗ ನನ್ನ ಜಾಣತನವನ್ನು ಕೇಳಿ. ಆಸ್ಪತ್ರೆಯಲ್ಲಿ ಅವನ ಹೆಸರನ್ನು ಬೇರೆ ಬರೆಸಿದ್ದೆವು. ಊರು ಅರೆಕೆರೆ ಎಂದಿದ್ದೆವು. ಮಾತ್ರೆಯ ಹೆಸರು ಬರೆದ ಕಾಗದವನ್ನು ನಾನೇ ಒಲೆಗೆ ಹಾಕಿದೆ. ಅಲ್ಲಿಂದ ಬಂದ ಸೀಸೆಯ ಚೀಟಿಯನ್ನೂ ಕೆರೆದು, ಮಾತ್ರೆಗಳನ್ನು ಲಿವರ್ ಸೀಸೆಗೆ ಸುರಿದೆ. ತಿಂಗಳಿಗೊಮ್ಮೆ ಹೋಗಿ ಆ ಸುಳ್ಳು ಹೆಸರು ಹೇಳಿ ಮಾತ್ರೆ ತರುತ್ತಿದ್ದವಳು ಅಮ್ಮ. ಸೀಸೆಯ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ನೋಡಿ ನೋಡಿ ಓದಲು ಕಲಿತಿದ್ದವಳು ನಾನು, ಆದರೆ ನನ್ನ ತಮ್ಮ ನುಂಗುವುದರ ಹೆಸರನ್ನು ಒಂದು ಸಲವೂ ಓದಿರಲಿಲ್ಲ. ಓದಿದರೆ ನಿಜವಾಗಿಬಿಡುತ್ತದೆ ಎಂಬ ಭಯವಿತ್ತೋ ಏನೋ.

ಮದುವೆಯನ್ನೂ ನಾನೇ ಕುದುರಿಸಿದೆ. ಹುಡುಗಿ ತಲಘಟ್ಟಪುರದವಳು. ಅವಳ ಅಪ್ಪ ಕಾಮಾಲೆಗೆ ಸೊಪ್ಪಿನ ಔಷಧ ಕೊಡುವುದರಲ್ಲಿ ಆ ದಾರಿಯಲ್ಲೆಲ್ಲ ಹೆಸರಾದವರು. ಭಾನುವಾರ ಬೆಳಗ್ಗೆ ಅವರ ಜಗಲಿಯ ಮುಂದೆ ಹಳದಿ ಕಣ್ಣಿನವರ ಸಾಲೇ ನಿಂತಿರುತ್ತಿತ್ತು. ಹುಡುಗಿ ಮಾತು ಕಡಿಮೆ, ನೋಟ ಜಾಸ್ತಿ. ಇಂಥವಳು ಸಂಸಾರ ತೂಗಿಸುತ್ತಾಳೆ ಎಂದು ಲೆಕ್ಕ ಹಾಕಿದೆ. ತಮ್ಮನ ವಿಷಯವನ್ನು ಹೇಳಲಿಲ್ಲ. ಕೇಳಿದ್ದರೆ ತಾನೇ ಹೇಳುವುದು ಎಂದು ಸಮಾಧಾನ ಮಾಡಿಕೊಂಡೆ. ವ್ಯಾಪಾರದಲ್ಲಿ ಈ ಸಮಾಧಾನ ನಡೆಯುತ್ತದೆ. ಸೀಸೆಯ ತಳದಲ್ಲಿ ಬಿರುಕಿದೆಯೇ ಎಂದು ನೋಡಿಕೊಳ್ಳಬೇಕಾದವನು ಕೊಳ್ಳುವವನು.

ಮದುವೆಯಾಗಿ ಎರಡು ತಿಂಗಳಿಗೆ ಬೀಗರು ಮಗಳನ್ನು ನೋಡಲು ಬಂದರು. ಕಾಫಿ ಕುಡಿಯುತ್ತ ಗೂಡಿನ ಕಡೆ ನೋಡಿದರು. ಅವರಿಗೆ ಇಂಗ್ಲಿಷ್ ಬಾರದು, ಚಿತ್ರ ಬರುತ್ತದೆ. ಅಳಿಯನನ್ನು ಹತ್ತಿರ ಕರೆದು ಕಣ್ಣಿನ ರೆಪ್ಪೆ ಇಳಿಸಿ ನೋಡಿದರು, ಉಗುರು ಒತ್ತಿ ನೋಡಿದರು. ನಿಧಾನದ ನಡಿಗೆ, ಕಪ್ಪಿಟ್ಟ ಮುಖ, ಮಧ್ಯಾಹ್ನದ ತೂಕಡಿಕೆ, ಎಲ್ಲವೂ ಅವರಿಗೆ ಒಂದೇ ಕಡೆಗೆ ಕೈ ತೋರಿಸಿದವು.

“ಲಿವರ್ರು ಎಷ್ಟ್ ದಿನದಿಂದ?” ಎಂದು ಕೇಳಿದರು.

ಅಮ್ಮ ನನ್ನ ಮುಖ ನೋಡಿದಳು. “ಎರಡ್ ವರ್ಷ ಆಯ್ತು” ಎಂದೆ.

“ಎರಡ್ ವರ್ಷ ಇಂಗ್ಲಿಷ್ ಮಾತ್ರೆ ತಿನ್ಸಿದ್ದೀರಾ? ಮೂರ್ ದಿನದ ಕೆಲ್ಸ ಕಣಮ್ಮ ಇದು. ನಾನೊಬ್ಬ ಬೀಗ ಇದ್ದೀನಿ ಅಂತ ನೆನಪಾಗ್ಲಿಲ್ವಾ?”

ಮೂರು ದಿನ ಬೆಳಗ್ಗೆ ಹಸಿದ ಹೊಟ್ಟೆಗೆ ಸೊಪ್ಪಿನ ರಸ. ಆಮೇಲೆ ಪಥ್ಯ. ಎಣ್ಣೆ ಇಲ್ಲ, ಖಾರ ಇಲ್ಲ, ಒಗ್ಗರಣೆ ಇಲ್ಲ. ಇಂಗ್ಲಿಷ್ ಮಾತ್ರೆ ಮುಟ್ಟುವ ಹಾಗಿಲ್ಲ, ಅದು ಒಂದೇ ಸೂರಿನಡಿ ಇದ್ದರೂ ಸೊಪ್ಪಿಗೆ ಮುನಿಸು. ನಲವತ್ತೆಂಟು ದಿನ. ಆಗಲಾದರೂ ನಾನು ಅವರನ್ನು ಹಿತ್ತಿಲಿಗೆ ಕರೆದು ಇದು ಲಿವರ್ ಅಲ್ಲ ಎಂದು ಹೇಳಬಹುದಿತ್ತು. ಒಂದೇ ವಾಕ್ಯ. ಅದರ ಬದಲು ನಾನು ಏನು ಮಾಡಿದೆ ಗೊತ್ತೇ? ದಿನಗಳ ಮೇಲೆ ಚೌಕಾಸಿಗೆ ಕೂತೆ. ನಲವತ್ತೆಂಟು ಜಾಸ್ತಿಯಾಯಿತು, ಮರದ ಕೆಲಸ ಮಾಡುವವನಿಗೆ ಮೈಯಲ್ಲಿ ಕಸುವು ಬೇಕು, ಹನ್ನೆರಡಕ್ಕೆ ಮುಗಿಸಿ ಎಂದೆ. ಅವರು ನಲವತ್ತು ಎಂದರು. ನಾನು ಎದ್ದು ಹೋಗುವ ಹಾಗೆ ಮಾಡಿದೆ. ಮೂವತ್ತಕ್ಕೆ ಒಪ್ಪಿದರು. ಹದಿನೆಂಟು ದಿನ ಗೆದ್ದೆನೆಂದು ನಾನು ಒಳಗೊಳಗೇ ಬೀಗಿದೆ. ಗೋಡೆಗೆ ಒರಗಿ ತಮ್ಮ ನಮ್ಮಿಬ್ಬರನ್ನೂ ನೋಡುತ್ತಿದ್ದ. ಅವನನ್ನು ಯಾರೂ ಏನೂ ಕೇಳಲಿಲ್ಲ. ಬೀಗರು ಮಗಳ ಕೈಗೆ ಸೀಸೆ ಕೊಟ್ಟು ಮಾತ್ರೆಯನ್ನೆಲ್ಲ ತಿಪ್ಪೆಗೆ ಹಾಕಿಸಿದರು.

ಮೊದಲ ವಾರ ಎಲ್ಲ ಸೊಗಸಾಗಿಯೇ ಇತ್ತು. ತೂಕಡಿಕೆ ಹೋಯಿತು, ನಡಿಗೆ ಚುರುಕಾಯಿತು. ಸೊಪ್ಪಿನ ಮಹಿಮೆ ಎಂದು ಅಮ್ಮ ಬೀದಿಯಲ್ಲೆಲ್ಲ ಹೇಳಿದಳು. ನನಗೂ ಆಸೆಯಾಯಿತು. ಬಹುಶಃ ಇನ್ನು ಮಾತ್ರೆಯೇ ಬೇಡವೇನೋ, ನಾವು ಹೇಳಿದ ಸುಳ್ಳು ತಾನಾಗಿಯೇ ನಿಜವಾಗುತ್ತದೇನೋ ಎಂದು. ಮೂರನೆಯ ವಾರ ಅವನು ಉಳಿ ಹಿಡಿದವನು ಹಾಗೇ ನಿಂತು ಹಲಗೆಗೆ ಕಿವಿ ಕೊಡತೊಡಗಿದ. ಇಪ್ಪತ್ತಾರನೆಯ ದಿನ ಮಧ್ಯಾಹ್ನ ನಾನು ಬುಟ್ಟಿ ಹೊತ್ತು ಬಂದಾಗ ನಮ್ಮ ಮನೆಗೆ ಬಾಗಿಲುಗಳೇ ಇರಲಿಲ್ಲ. ಬೀದಿ ಬಾಗಿಲು, ನಡುಮನೆಯದು, ಹಿತ್ತಿಲಿನದು, ಎಲ್ಲವನ್ನೂ ತಿರುಪು ಬಿಚ್ಚಿ ನಾಜೂಕಾಗಿ ಕಳಚಿ, ಒಂದು ಗೀರೂ ಬೀಳದಂತೆ ಅಂಗಳದಲ್ಲಿ ಸಾಲಾಗಿ ಮಲಗಿಸಿದ್ದ. ತಾನು ಆಚೆ ಹುಣಸೆ ಮರದ ಕೆಳಗೆ ಬೆನ್ನು ಮಾಡಿ ಕೂತಿದ್ದ. ಅವನ ಹೆಂಡತಿ ಅವನಿಗಿಂತ ನಾಲ್ಕು ಮಾರು ದೂರದಲ್ಲಿ ನೀರಿನ ಚೊಂಬು ಹಿಡಿದು ಕೂತಿದ್ದಳು. ನನ್ನನ್ನು ಕಂಡು ಎದ್ದು ಬಂದಳು.

“ಅಕ್ಕ, ಇದು ಕಾಮಾಲೆ ಅಲ್ಲ. ಏನು ಅಂತ ಈಗ ಹೇಳಿ.”

ಹೇಳಿದೆ. ಎಲ್ಲವನ್ನೂ ಅಲ್ಲ, ಮುಕ್ಕಾಲು ಹೇಳಿದೆ. ಉಳಿದ ಕಾಲನ್ನು ಅವಳು ನನ್ನ ಮುಖದಿಂದ ತೆಗೆದುಕೊಂಡಳು. ಬೈಯಲಿಲ್ಲ. ಯಾವ ಮಾತ್ರೆ ಎಂದಷ್ಟೇ ಕೇಳಿದಳು. ಬಿಳಿಯದು ಎಂದೆ.

ಬಿಳಿಯದು ಎಂಬುದನ್ನೇ ಹಿಡಿದುಕೊಂಡು ನಾವಿಬ್ಬರೂ ಜಯನಗರದ ಡಾಕ್ಟರೊಬ್ಬರ ಹತ್ತಿರ ಓಡಿದೆವು. ನನ್ನ ಹತ್ತಿರ ಸೀಸೆ ಕೊಳ್ಳುತ್ತಿದ್ದವರು, ಒಳ್ಳೆಯವರು, ಸಿಡುಕಿನವರು. ಕಾಗದವೆಲ್ಲಿ ಎಂದರು, ಸುಟ್ಟೆ ಎಂದೆ. ಸೀಸೆಯೆಲ್ಲಿ ಎಂದರು, ತೋರಿಸಿದೆ. ಚೀಟಿ ನೋಡಿ ನನ್ನನ್ನು ನೋಡಿದರು. ಆಸ್ಪತ್ರೆಯಲ್ಲಿ ಯಾವ ಹೆಸರು ಎಂದರು. ಬರೆಸಿದ ಒಂದು ಸಲ ಬಿಟ್ಟರೆ ಅದು ನನ್ನ ಬಾಯಿಗೆ ಬಂದದ್ದಿಲ್ಲ, ಅಮ್ಮನಿಗೆ ಗೊತ್ತು, ಆದರೆ ಬಾಗಿಲಿಲ್ಲದ ಮನೆ ನೋಡಿದ ಗಾಬರಿಯಲ್ಲಿ ಅವಳಿಗೆ ಮರೆತುಹೋಗಿದೆ ಎಂದೆ.

ಅವರು ಒಳಗೆ ಹೋಗಿ ಬಿಳಿ ಕಾಗದದ ಮೇಲೆ ಮೂರು ಮಾತ್ರೆ ಇಟ್ಟು ತಂದರು. ಮೂರೂ ಬಿಳಿ, ಮೂರೂ ಗುಂಡು. ಅಕ್ಷರವಿಲ್ಲ, ಗೀರಿಲ್ಲ.

“ಅಲ್ಲಿ ಮೂರ್ ಥರ ಕೊಟ್ರು ಅಂದ್ಯಲ್ಲ. ಇವೇ ಇರ್ಬೇಕು. ಒಂದು ಅವನನ್ನ ಮಂಕು ಮಾಡುತ್ತೆ, ಒಂದು ಕತ್ತು ತಿರುಗ್ಸುತ್ತೆ, ಒಂದು ಮನುಷ್ಯನ್ನ ಮಾಡುತ್ತೆ. ಗಾಜು ನೋಡಿ ಮನೆ ಹೇಳ್ತೀಯಂತೆ. ಇದರಲ್ಲಿ ನಿನ್ ತಮ್ಮಂದು ಯಾವ್ದು ಹೇಳು ನೋಡೋಣ.”

ನಾನು ಬಗ್ಗಿ ನೋಡಿದೆ. ಉಗುರಿನಲ್ಲಿ ಉರುಳಿಸಿದೆ. ಮೂಸಿದೆ. ನೂರು ಸೀಸೆಯ ನಡುವೆ ಒಂದು ಬಿರುಕನ್ನು ಕಣ್ಣು ಮುಚ್ಚಿ ಹುಡುಕುತ್ತಿದ್ದ ಕೈಗೆ ಏನೂ ತಿಳಿಯಲಿಲ್ಲ. ಗೊತ್ತಿಲ್ಲ ಸಾರ್ ಎಂದೆ. ಆ ಮಾತನ್ನು ನಾನು ಅದಕ್ಕೂ ಮುಂಚೆ ಯಾರಿಗೂ ಹೇಳಿದ ನೆನಪಿಲ್ಲ.

ಆಗ ಹಿಂದೆ ನಿಂತಿದ್ದ ಅವಳು ಬಾಯಿ ಬಿಟ್ಟಳು. ಅವಳ ತವರಿನಲ್ಲಿ ರೋಗಿಯ ಬಾಯಿಗೆ ಹೋಗುವುದೆಲ್ಲ ಮೊದಲು ಮನೆಯವರ ನಾಲಿಗೆಗೆ ತಾಗಬೇಕಂತೆ. ಹಾಗಾಗಿ ತಿಪ್ಪೆಗೆ ಸುರಿಯುವ ಮುಂಚೆ ಒಂದು ಮಾತ್ರೆಯನ್ನು ಕಚ್ಚಿ, ಚೂರನ್ನು ನಾಲಿಗೆಯ ತುದಿಗಿಟ್ಟು ಉಗಿದಿದ್ದಳು.

“ಮೇಲೆ ಸಕ್ಕರೆ ಸಾರ್. ಒಳಗೆ ಕಹಿ. ಆಮೇಲೆ ನಾಲಿಗೆ ತುದಿ ಮರಗಟ್ಟೋಯ್ತು, ಸುಣ್ಣ ಸುಟ್ಟಂಗಲ್ಲ, ಸತ್ತಂಗೆ. ಸಾಯಂಕಾಲದ ತನಕ ಉಪ್ಪು ಗೊತ್ತಾಗ್ಲಿಲ್ಲ.”

ಡಾಕ್ಟರು ಕುರ್ಚಿಯಲ್ಲಿ ಕೂತರು. ಮೂರರಲ್ಲಿ ಒಂದು ಸರ್ಪಗಂಧಿ ಬೇರಿನಿಂದ ತೆಗೆದದ್ದು, ಅದರ ಕಹಿ ಗೊತ್ತೇ ಎಂದು ಕೇಳಿದರು. ನಮ್ಮ ಹಿತ್ತಿಲಲ್ಲೇ ಇದೆ, ಇದು ಆ ಕಹಿ ಅಲ್ಲ ಎಂದಳು. ಅವರು ಒಂದು ಮಾತ್ರೆಯನ್ನು ಬೆರಳಿನಿಂದ ಮುಂದೆ ತಳ್ಳಿದರು. ಅದರ ಹೆಸರು ಕ್ಲೋರ್‌ಪ್ರೊಮಜೀನ್, ನಾಲಿಗೆಯನ್ನು ಹಾಗೆ ಮರಗಟ್ಟಿಸುವ ಗುಣ ಅದಕ್ಕಿದೆ ಎಂದರು. ಆದರೂ ನಾಲಿಗೆಯ ಸಾಕ್ಷಿಯೊಂದರ ಮೇಲೆ ತಾವು ಮಾತ್ರೆ ಕೊಡುವುದಿಲ್ಲ ಎಂದು ಎಲ್ಲವನ್ನೂ ಬರೆದು ಆಸ್ಪತ್ರೆಗೆ ಕಾಗದ ಕೊಟ್ಟರು. ಕಂಡ ಮಾತ್ರೆಯನ್ನೆಲ್ಲ ನೆಕ್ಕುವುದು ಇನ್ನು ಮೇಲೆ ಬೇಡ ಎಂದು ಅವಳನ್ನೂ ಗದರಿಸಿದರು. ನನ್ನನ್ನು ಗದರಿಸಲಿಲ್ಲ. ಅದೇ ಹೆಚ್ಚು ಉರಿಯಿತು.

ಆಸ್ಪತ್ರೆಯಲ್ಲಿ ಅರೆಕೆರೆ ಎಂಬ ಊರು ಹಿಡಿದು ಹಳೆಯ ಪುಸ್ತಕ ಹುಡುಕಿಸಿದೆವು. ಅರೆಕೆರೆಯವರು ಎಂದು ಬರೆಸಿದವರ ಪಟ್ಟಿ ಓದುತ್ತ ಗುಮಾಸ್ತರು, ಆ ಊರಲ್ಲಿ ಇಷ್ಟು ಮನೆಯೇ ಇಲ್ಲವಲ್ಲಮ್ಮ ಎಂದರು. ಸುಳ್ಳಿಗೂ ನಾವು ಒಂದು ಹೊಸ ಊರು ಹುಡುಕಿರಲಿಲ್ಲ. ಒಂದು ಹೆಸರಿಗೆ ಅಮ್ಮ ತಲೆಯಾಡಿಸಿದಳು. ಅದರ ಮುಂದೆ ಬರೆದಿದ್ದ ಮಾತ್ರೆ ಅದೇ. ತಮ್ಮನನ್ನು ಪರೀಕ್ಷೆ ಮಾಡಿ ಮತ್ತೆ ಅದನ್ನೇ ಶುರು ಮಾಡಿದರು. ಎರಡೂವರೆ ತಿಂಗಳ ಮೇಲೆ ಬಾಗಿಲುಗಳನ್ನು ಅವನೇ ಎತ್ತಿ ನಿಲ್ಲಿಸಿದ. ಅಷ್ಟು ದಿನ ನಾವು ಗೋಣಿತಾಟು ಕಟ್ಟಿಕೊಂಡು ಸಂಸಾರ ಮಾಡಿದೆವು. ಬೀದಿಯವರಿಗೆ ಗೆದ್ದಲು ಎಂದು ಹೇಳಲು ಅಮ್ಮ ಬಾಯಿ ತೆರೆದಳು. ಸೊಸೆ ನೋಡಿದ ನೋಟಕ್ಕೆ ಮುಚ್ಚಿದಳು.

ಈ ನಡುವೆ ಬಾಗಿಲಿನ ಸುದ್ದಿ ಕೇಳಿ ಬೀಗರು ಮಗಳನ್ನು ಕರೆದೊಯ್ಯಲು ಗಾಡಿ ಕಟ್ಟಿಸಿಕೊಂಡು ಬಂದರು. ಅವಳು ಹೋದರೆ ತಮ್ಮ ಇನ್ನೊಮ್ಮೆ ಏಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವಳೇ ಅಪ್ಪನನ್ನು ಜಗಲಿಯ ಮೇಲೆ ಕೂರಿಸಿ, ಕಾಯಿಲೆಯ ಹೆಸರು, ಮಾತ್ರೆಯ ಹೆಸರು ಎರಡನ್ನೂ ಹೇಳಿದಳು. ಅಳಿಯನಿಗೆ ಮನಸ್ಸಿನ ಕಾಯಿಲೆ ಎಂಬುದಕ್ಕಿಂತ, ತನ್ನ ಕಣ್ಣಿಗೆ ಕಾಮಾಲೆಯಲ್ಲದ್ದು ಕಾಮಾಲೆಯಾಗಿ ಕಂಡಿತಲ್ಲ ಎಂಬುದೇ ಅವರನ್ನು ಹೆಚ್ಚು ಕೊರೆಯುತ್ತಿತ್ತೆಂದು ನನ್ನ ಗುಮಾನಿ. ಗಾಡಿ ಖಾಲಿ ಹೋಯಿತು.

ಅವರು ಹೋದ ಮೇಲೆ ನಾನು ಅವಳ ಹತ್ತಿರ ಕೂತು, ಆದದ್ದು ಆಯಿತು, ನಿನಗೊಂದು ಒಳ್ಳೆಯ ಸೀರೆ ತೆಗೆಸಿಕೊಡುತ್ತೇನೆ ಎಂದೆ. ನನಗೆ ಗೊತ್ತಿದ್ದ ಕ್ಷಮಾಪಣೆ ಅದೊಂದೇ.

“ಸೀರೆ ಬೇಡ ಅಕ್ಕ. ಇದರಲ್ಲಿ ಚೌಕಾಸಿ ಇಲ್ಲ. ನಾನಿರಬೇಕು ಅಂದ್ರೆ ಆ ಸೀಸೆ ಈ ಮನೇಲಿ ಇರಬಾರ್ದು. ಮಾತ್ರೆ ತರೋಕೆ ಅತ್ತೆ ಅಲ್ಲ, ನೀವೇ ಹೋಗ್ಬೇಕು. ಇವರ ಹೆಸರು ಇವರದೇ ಹೇಳ್ಬೇಕು. ಮಾತ್ರೆ ಹೆಸರು ಬಾಯಲ್ಲಿ ಹೇಳ್ಬೇಕು.”

ಮೂವತ್ತಕ್ಕೆ ಇಳಿಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಒಪ್ಪಿದೆ.

ಚೀಟಿ ಇರುವ ಸೀಸೆ ಮಾರುವುದನ್ನು ಬಿಟ್ಟೆ. ಗಿರಾಕಿಗಳು ಮುನಿಸಿಕೊಂಡರು. ಬಂಗಲೆಯ ಯಜಮಾನಿ, ಬೇರೆಯವರ ಮನೆ ಮಾನ ಹೋದರೆ ನಿನಗೇನು ಎಂದು ಮುಖಕ್ಕೇ ಅಂದು, ನನ್ನನ್ನು ಮತ್ತೆ ಹಿಂಬಾಗಿಲಿಗೇ ಇಳಿಸಿದರು. ಓದುವವರಿಗೆ ನನ್ನ ಸಲಹೆ ಇಷ್ಟೆ. ಮಾತ್ರೆಯನ್ನು ಕಣ್ಣಿನಿಂದ ಗುರುತಿಸುತ್ತೇನೆ ಎನ್ನುವವರನ್ನು ನಂಬಬೇಡಿ, ಅದರಲ್ಲೂ ನನ್ನಂಥ ಚುರುಕು ಕಣ್ಣಿನವರನ್ನು. ಬರೆದು ಕೊಟ್ಟ ಕಾಗದ ಇಟ್ಟುಕೊಳ್ಳಿ, ಬಂದ ಸೀಸೆಯಲ್ಲೇ ಇಡಿ, ಹೆಸರು ಬಾಯಿಪಾಠ ಮಾಡಿ. ಮಾನವನ್ನು ಬೇರೆ ಸೀಸೆಯಲ್ಲಿ ಇಟ್ಟುಕೊಳ್ಳಿ.

ಮೊದಲ ಸಲ ಆಸ್ಪತ್ರೆಯ ಕಿಟಕಿಯ ಮುಂದೆ ನಿಂತಾಗ ನನ್ನ ಗಂಟಲಿನಿಂದ ಇಲಿಯ ದನಿ ಬಂತು. ಕಿಟಕಿಯ ಆಚೆಯವರು ಜೋರಾಗಿ ಹೇಳಮ್ಮ ಎಂದರು. ತಮ್ಮನ ನಿಜವಾದ ಹೆಸರು ಹೇಳಿದೆ, ಊರು ಸುದ್ದಗುಂಟೆಪಾಳ್ಯ ಎಂದೆ, ಕ್ಲೋರ್‌ಪ್ರೊಮಜೀನ್ ಎಂದೆ. ಹಿಂದಿನ ಸಾಲಿನಲ್ಲಿ ಪರಿಚಯದ ಮುಖಗಳು ಎರಡು ಮೂರಿದ್ದವು. ಯಾರೂ ನಗಲಿಲ್ಲ. ತಂತಮ್ಮ ಸರದಿ ಬಂದಾಗ ಯಾವ ಊರು ಹೇಳಬೇಕೆಂದು ಬಾಯೊಳಗೇ ಪಾಠ ಮಾಡಿಕೊಳ್ಳುತ್ತಿದ್ದರು.

ಮನೆಗೆ ಬಂದು ತಮ್ಮನ ಹೆಂಡತಿಗೆ ಪೊಟ್ಟಣ ಕೊಟ್ಟೆ. ಅವಳಿಗೆ ಇಂಗ್ಲಿಷ್ ಬಾರದು. ಆಸ್ಪತ್ರೆಯಲ್ಲಿ ಬರೆದುಕೊಟ್ಟ ಕಾಗದವನ್ನು ಪಕ್ಕದಲ್ಲಿಟ್ಟುಕೊಂಡು, ರಂಗೋಲಿಯ ಚುಕ್ಕಿ ಎಣಿಸುವ ಹಾಗೆ ಪೊಟ್ಟಣದ ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ತಾಳೆ ನೋಡಿದಳು. ಕಿಟಕಿಯ ಹತ್ತಿರ ಹಲಗೆಗೆ ಹತ್ತರಿ ಹೊಡೆದು ನಯ ಮಾಡುತ್ತಿದ್ದ ತಮ್ಮ ಕೈ ನಿಲ್ಲಿಸಿ ನೋಡುತ್ತಿದ್ದ.

“ಸರಿಯಾಗಿದೆ” ಎಂದಳು. ಆಮೇಲೆ ಪೊಟ್ಟಣವನ್ನು ಅವನ ಕೈಗೆ ಕೊಟ್ಟು ನನಗೆ ಹೇಳಿದಳು: “ಮುಂದಿನ್ ತಿಂಗಳು ಇವರನ್ನೂ ಕರ್ಕೊಂಡ್ ಹೋಗಿ ಅಕ್ಕ. ನುಂಗೋರು ಇವ್ರು. ಇವ್ರೇ ಕೇಳಿ ತಗೊಳ್ಲಿ.”